ದಪ್ಪಕ್ಷರದ ವರ್ಷನ್ನು

ಬೇರೆಯವರ ಸೋದರಮಾವಂದಿರು ಮನೆಗೆ ಬರುವಾಗ ಬಾಳೆಹಣ್ಣು, ಹೂವು, ಖಾರದ ಪೊಟ್ಟಣ ತರುತ್ತಾರೆ. ನಮ್ಮ ಮಾವ ಪೆನ್‌ಡ್ರೈವ್ ತರುತ್ತಾರೆ! ಅದೂ ಎಂಥ ಪೆನ್‌ಡ್ರೈವ್ ಅಂತೀರಿ? ಅರಿಶಿನದ ದಾರ ಕಟ್ಟಿ, ಕುಂಕುಮ ಇಟ್ಟು, ಅಂಗಿಯ ಒಳಜೇಬಿನಲ್ಲಿ ಎದೆಗೆ ಒತ್ತಿಕೊಂಡು ತಂದ ಪೆನ್‌ಡ್ರೈವ್. ಅವರ ಸ್ಕೂಟರು ನಮ್ಮ ಗೇಟಿನ ಮುಂದೆ ನಿಂತ ಸದ್ದು ಕೇಳಿದರೆ ಸಾಕು, ನನ್ನ ಗಂಡ ತನ್ನ ಮೊಬೈಲನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ. ಮಾವ ಮೊಬೈಲಿಗೆ ಕೈ ಹಾಕುವವರಲ್ಲ ಎಂದು ಎಷ್ಟು ಹೇಳಿದರೂ ಅವನಿಗೆ ನಂಬಿಕೆಯಿಲ್ಲ. "ಇವತ್ತು ಲ್ಯಾಪ್‌ಟಾಪು, ನಾಳೆ ಮಿಕ್ಸಿ, ನಾಡಿದ್ದು ನಾನು" ಎನ್ನುತ್ತಾನೆ.

ಮಾವನಿಗೆ ಹಿಡಿದ ಹುಚ್ಚಿನ ಹೆಸರು ಲಿನಕ್ಸ್. ಗೊತ್ತಿಲ್ಲದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಕಂಪ್ಯೂಟರ್ ನಡೆಯಬೇಕಾದರೆ ಅದರ ಒಳಗೊಂದು ವ್ಯವಸ್ಥೆ ಬೇಕು. ಹೆಚ್ಚಿನವರು ಅಂಗಡಿಯವನು ಯಾವುದನ್ನು ಹಾಕಿಕೊಟ್ಟನೋ ಅದನ್ನೇ ಇಟ್ಟುಕೊಂಡು ಸುಖವಾಗಿರುತ್ತಾರೆ. ಇನ್ನು ಕೆಲವರು ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಲಿನಕ್ಸನ್ನು ಹಾಕಿಕೊಂಡು, ಸುಖವನ್ನು ಬೇರೆ ಕಡೆ ಹುಡುಕುತ್ತಾರೆ. ಅದಕ್ಕೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಮಾವನ ಬಾಯಲ್ಲಿ ಅದು 'ವರ್ಷನ್ನು'. ಹೊಸ ವರ್ಷನ್ನು ಬಂತೆಂದರೆ ಮಾವ ಪಾಂಡವಪುರದಿಂದ ಹೊರಟು ಕಿಕ್ಕೇರಿ, ಗಂಜಾಂ, ನಾಗಮಂಗಲ ಎಂದು ಸುತ್ತಿ, ನೆಂಟರಿಷ್ಟರ ಕಂಪ್ಯೂಟರುಗಳಿಗೆಲ್ಲ ಅದನ್ನು ಹಾಕಿಯೇ ಮನೆ ಸೇರುತ್ತಾರೆ. ಬೇಡ ಎನ್ನುವ ಹಕ್ಕು ನಮಗಿಲ್ಲ. ನಮಗೆ ಕಂಪ್ಯೂಟರ್ ಕಲಿಸಿದವರು, ಕೊಡಿಸಿದವರು, ಕೆಟ್ಟಾಗ ನೋಡಿಕೊಳ್ಳುವವರು ಅವರೇ ತಾನೆ!

ಮಾವ ಕಂಪ್ಯೂಟರ್ ಓದಿದವರು ಎಂದುಕೊಂಡಿರಾ? ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ, ಕಂಬ ಇಳಿದು ನಿವೃತ್ತರಾದವರು. ಮನೆಯಲ್ಲಿರುವ ಕಂಪ್ಯೂಟರ್ ಅವರದಲ್ಲ, ಅವರ ಹೆಂಡತಿ ನಮ್ಮ ಅತ್ತೆಯದು. ಪಾಂಡವಪುರದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅತ್ತೆ ಲಗ್ನಪತ್ರಿಕೆ ಕಂಪೋಸ್ ಮಾಡುತ್ತಾರೆ. ಗಂಜಾಮಿನ ಪ್ರೆಸ್ಸಿನಲ್ಲಿ ಅದು ಅಚ್ಚಾಗುತ್ತದೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಅತ್ತೆಯ ಕೈಯಿಂದ ಪತ್ರಿಕೆಯಾದರೆ ಮದುವೆ ಅರ್ಧ ಮುಗಿದ ಹಾಗೆ ಎಂಬ ನಂಬಿಕೆ ಇದೆ. ಬಹಳ ವರ್ಷಗಳ ಕುರ್ಚಿ ಅದು. ಅದರ ಮೇಲೆ ಬೇರೆ ಯಾರೂ ಕೂರುವಂತಿಲ್ಲ, ಬೆಕ್ಕು ಕೂಡ.

ಒಂದು ಸಲ ಆ ಕಂಪ್ಯೂಟರ್ ನಿಧಾನವಾಯಿತೆಂದು ರಿಪೇರಿಗೆ ಒಯ್ದರು. ರಿಪೇರಿಯವನು ಅದನ್ನು ಮೇಲಿಂದ ಕೆಳಗೆ ನೋಡಿ, ಇದಕ್ಕೆ ವಯಸ್ಸಾಗಿದೆ, ಹೊಸ ವ್ಯವಸ್ಥೆ ಇದರ ಮೇಲೆ ಕೂರುವುದಿಲ್ಲ, ಎಸೆದು ಬೇರೆ ತಗೊಳ್ಳಿ ಎಂದುಬಿಟ್ಟ. ಮಾವನಿಗೆ ಎಲ್ಲಿತ್ತೋ ಸಿಟ್ಟು!

"ಕೆಟ್ಟೋಗ್ದೆ ಇರೋದ್ನ ಎಸಿ ಅಂತೀಯಲ್ಲಾ, ನಿಂಗೂ ವಯಸ್ಸಾಯ್ತದೆ ಕಣ್ಲಾ! ಆಗ ನಿನ್ನ ಎಲ್ಲಿಗ್ ಎಸೀಬೇಕು ಅಂತ ಈಗ್ಲೇ ಯೋಳ್ಬುಡು" ಎಂದು ಕೇಳಿ, ಕಂಪ್ಯೂಟರನ್ನು ಸ್ಕೂಟರಿನ ಮುಂದೆ ಕೂರಿಸಿಕೊಂಡು ವಾಪಸ್ ಬಂದರು. ಆಮೇಲೆ ಎಲ್ಲೆಲ್ಲೋ ವಿಚಾರಿಸಿ, ವಿಡಿಯೊ ನೋಡಿ, ಕೆಡಿಸಿ, ಮತ್ತೆ ಸರಿಮಾಡಿ, ಅಂತೂ ಅದರೊಳಗೆ ಲಿನಕ್ಸ್ ಕೂರಿಸಿದರು. ಅವತ್ತಿನಿಂದ ಅದು ಓಡುತ್ತಿದೆ. ರಿಪೇರಿಯವನ ಅಂಗಡಿಯ ಮುಂದೆ ಹೋಗುವಾಗ ಮಾವ ಇವತ್ತಿಗೂ ಕಾರಣವಿಲ್ಲದೆ ಹಾರನ್ ಹೊಡೆಯುತ್ತಾರೆ.

ವರ್ಷನ್ ಹಾಕುವುದೇನೋ ಸರಿ, ಸಹಿಸಿಕೊಳ್ಳಬಹುದು. ಆಮೇಲಿನ ಶಾಸ್ತ್ರ ಇದೆಯಲ್ಲ, ಅದು ಕಷ್ಟ. ಅದಕ್ಕೆ ಮಾವ ಇಟ್ಟಿರುವ ಹೆಸರು 'ಪಸ್ಟ್ ಇಂಪ್ರೆಸನ್ನು'. ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಾರೆ. ಹೆಣ್ಣು ನೋಡಲು ಬಂದವರ ಎದುರು ಹುಡುಗಿಯ ಅಪ್ಪ ನಿಂತಿರುತ್ತಾನಲ್ಲ, ಹಾಗೆ. ಪರದೆ ಬೆಳಗಿದ ಕೂಡಲೇ ಪ್ರಶ್ನೆ: "ಎಂಗದೆ?"

ಚೆನ್ನಾಗಿದೆ ಎಂದರೆ ಮುಗಿಯಿತೇ? ಇಲ್ಲ. "ಚೆನ್ನಾಗದೆ ಅಂದ್ರೆ? ಯಾವ್ದು ಚೆನ್ನಾಗದೆ? ಮೊದ್ಲು ಏನ್ ಚೆನ್ನಾಗಿರ್ಲಿಲ್ಲ? ವಸಿ ಬುಡ್ಸಿ ಯೋಳು!" ಒಂದು ಸಲ ನಾನು ಕೂತವಳೇ, "ಮಾವ, ಆಫ್ ಮಾಡೋ ಗುಂಡಿ ಎಲ್ಲಿ ಹೋಯ್ತು?" ಎಂದು ಕೇಳಿದೆ. ನಿಜವಾಗಿಯೂ ಅದು ಹಳೆಯ ಜಾಗದಲ್ಲಿ ಇರಲಿಲ್ಲ! ಮಾವ ನೊಂದುಕೊಂಡರು. "ಒಳೀಕ್ ಬಂದ್ ತಕ್ಸಣ ಒಂಟೋಗೋ ಮಾತಾಡ್ತೀಯಲ್ಲಮ್ಮಿ! ಮೊದ್ಲು ಮನೆ ನೋಡು, ಆಮ್ಯಾಕೆ ಬಾಗ್ಲು ಉಡುಕುವಂತೆ" ಎಂದರು. ಇನ್ನೊಂದು ಸಲ ನನ್ನ ಗಂಡ, ಮೊದಲಿನದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿಬಿಟ್ಟ. ಮಾವ ಅವತ್ತು ನಮ್ಮ ಮನೆಯಲ್ಲಿ ಕಾಫಿ ಕುಡಿಯಲಿಲ್ಲ.

ಆದರೆ ನಮ್ಮ ಅನಿಸಿಕೆಗಳೆಲ್ಲ ಬರೀ ಲೆಕ್ಕಭರ್ತಿಗೆ. ಮಾವ ಕಾಯುವುದು ಒಬ್ಬರದಕ್ಕೇ, ಅತ್ತೆಯದಕ್ಕೆ. ಅತ್ತೆ ಹೊಸ ವರ್ಷನ್ನಿನ ಮುಂದೆ ಕೂರುತ್ತಾರೆ, ಇಲ್ಲಿ ಒತ್ತುತ್ತಾರೆ, ಅಲ್ಲಿ ಒತ್ತುತ್ತಾರೆ, ಒಂದು ಪತ್ರಿಕೆ ತೆರೆದು ಗಣಪತಿಯನ್ನು ಮೇಲಿಂದ ಕೆಳಗೆ ಸರಿಸಿ ಮತ್ತೆ ಮೇಲೆ ಇಡುತ್ತಾರೆ. ಮಾವ ಅಲ್ಲಿಯವರೆಗೂ ಕುರ್ಚಿಯ ಪಕ್ಕ ಬಿಟ್ಟು ಕದಲುವುದಿಲ್ಲ. ಕೊನೆಗೆ ಅತ್ತೆ ತಿರುಗದೆಯೇ, "ಆಗ್ಬೋದು" ಎನ್ನುತ್ತಾರೆ. ಅಷ್ಟೇ! ಅಷ್ಟಕ್ಕೇ ಮಾವ ಪಂಚೆ ಎತ್ತಿ ಕಟ್ಟಿ, ನಾಲ್ಕು ಊರು ಸುತ್ತಲು ಹೊರಡುತ್ತಾರೆ.

ಇಷ್ಟು ಸುಖವಾಗಿದ್ದ ಸಂಸಾರದಲ್ಲಿ ಕಳೆದ ಮದುವೆ ಸೀಸನ್ನಿಗೆ ಮುಂಚೆ ಒಂದು ಎಡವಟ್ಟಾಯಿತು. ಚಿನಕುರಳಿ ಕಡೆಯ ಒಂದು ಮನೆಯ ಲಗ್ನಪತ್ರಿಕೆ. ನಮ್ಮ ಕಡೆಯ ಪತ್ರಿಕೆ ನೀವು ನೋಡಿರಬೇಕು. ವಧುವರರಿಗೆ ಸಿಗುವುದು ಅಂಗೈಯಗಲ ಜಾಗ. ಮಿಕ್ಕದ್ದೆಲ್ಲ 'ಸುಖಾಗಮನ ಬಯಸುವವರು'! ಅಜ್ಜಂದಿರು, ದೊಡ್ಡಪ್ಪಂದಿರು, ಚಿಕ್ಕಪ್ಪಂದಿರು, ಅತ್ತೆಯಂದಿರು, ಭಾವಮೈದುನರು, ಡೇರಿಯ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಎಲ್ಲರೂ ಇರುವೆ ಸಾಲಿನ ಹಾಗೆ ಕೆಳಗೆ ನಿಂತಿರುತ್ತಾರೆ. ಮದುವೆಗೆ ಬಾರದಿದ್ದರೆ ಕ್ಷಮೆಯುಂಟು, ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ತಲೆಮಾರಿನ ಜಗಳ. ಅಂಥದ್ದರಲ್ಲಿ ಹುಡುಗನ ಸ್ವಂತ ದೊಡ್ಡಪ್ಪನ ಹೆಸರೇ ಬಿಟ್ಟುಹೋಗಿತ್ತು! ಅಚ್ಚೂ ಆಗಿಹೋಗಿತ್ತು, ಅರ್ಧ ಊರಿಗೆ ಹಂಚಿಯೂ ಆಗಿತ್ತು.

ದೊಡ್ಡಪ್ಪ ಬೆಳಗಾಗುವುದರೊಳಗೆ ಪಾಂಡವಪುರದ ಮನೆಯ ಬಾಗಿಲಲ್ಲಿ ನಿಂತಿದ್ದರು. ರಜಕ್ಕೆ ಹೋಗಿದ್ದ ನಾನು ಕಾಫಿಲೋಟ ಹಿಡಿದು ಅಲ್ಲೇ ಇದ್ದೆ.

"ಏನಮ್ಮ, ನಾನೇನ್ ಸತ್ತೋಗಿದ್ದೀನಾ? ನಮ್ ಬೀದಿ ನಾಯಿ ಒಂದ್ ಬುಟ್ಟು ಎಲ್ರೆಸ್ರೂ ಅದೆ, ನನ್ದಿಲ್ಲ! ಕಣ್ ಕಾಣಕಿಲ್ವಾ ನಿಂಗೆ?"

ಬೈಗುಳದ ಭರದಲ್ಲಿ ಎಲ್ಲರೂ ಆಡುವ ಮಾತು ಅದು. ಆದರೆ ಅತ್ತೆಯ ಮುಖ ಬಿಳಚಿಕೊಂಡಿತು. ಯಾರಿಗೂ ಒಂದು ಮಾತು ಬಿಟ್ಟುಕೊಡದ ಹೆಂಗಸು ಒಂದೂ ಮಾತಾಡದೆ ಒಳಗೆ ಹೋದರು. ಮಾತಾಡಿದ್ದು ಮಾವ.

"ಓಯ್, ಕಣ್ಣಿನ್ ಮಾತು ಎತ್ಬ್ಯಾಡಿ! ತಪ್ಪು ಅವುಳ್ದಲ್ಲ, ವರ್ಷನ್ದು. ಹಳೇ ವರ್ಷನ್ನು, ಎಸ್ರು ನುಂಗ್ಬುಡ್ತದೆ. ಹೊಸ್ದು ಬತ್ತಾ ಅದೆ."

ದೊಡ್ಡಪ್ಪನಿಗೆ ವರ್ಷನ್ ಅಂದರೆ ಯಾರೋ ಕೆಲಸದವನು ಅನ್ನಿಸಿರಬೇಕು. "ಅಂಗಾರೆ ಮೊದ್ಲು ಅವುನ್ನ ಕೆಲ್ಸದಿಂದ ತೆಗೀರಿ" ಎಂದು ಸ್ವಲ್ಪ ತಣ್ಣಗಾಗಿ, ಹೆಸರು ಸೇರಿಸಿ ಹೊಸದಾಗಿ ಅಚ್ಚುಹಾಕಿಸಿಕೊಡುವ ಮಾತು ಪಡೆದು ಹೋದರು.

ಒಳಗೆ ಅತ್ತೆ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದರು. "ಇನ್ನೊಂದ್ ಸತಿ ಇಂಗಾದ್ರೆ ಇದರ್ ಮ್ಯಾಲೆ ಬಟ್ಟೆ ಮುಚ್ಬುಟ್ಟು ಎದ್ದೋಯ್ತೀನಿ. ಆಮ್ಯಾಕೆ ಈ ಕುರ್ಚಿ ಮ್ಯಾಲೆ ಕೂರಕಿಲ್ಲ" ಎಂದರು. ಅತ್ತೆ ಹಾಗೆಂದರೆ ಹಾಗೆಯೇ. ಒಮ್ಮೆ ಬಿಟ್ಟರೆ ಬಿಟ್ಟರು. ಎಂದೋ ಸಕ್ಕರೆ ಹೆಚ್ಚಾಯಿತೆಂದು ಯಾರೋ ಆಡಿಕೊಂಡದ್ದಕ್ಕೆ ಕಾಫಿಗೆ ಸಕ್ಕರೆ ಹಾಕುವುದನ್ನೇ ಬಿಟ್ಟವರು ಇವತ್ತಿಗೂ ಹಾಕಿಕೊಂಡಿಲ್ಲ. ಆ ಕುರ್ಚಿ ಖಾಲಿಯಾದರೆ ಆ ಮನೆ ಹೇಗಿರುತ್ತದೆ ಎಂದು ಯೋಚಿಸಲೂ ನನಗೆ ಮನಸ್ಸು ಬರಲಿಲ್ಲ. ಮಾವ ಮಾತ್ರ ಬಾಗಿಲಲ್ಲಿ ನಿಂತು, "ಯಾವಳು ಎದ್ದೋಗೋಳು? ಬಟ್ಟೆ ಎಲ್ಲದೆ ತೋರ್ಸು, ಒಲೆಗ್ ಆಕ್ತೀನಿ! ವರ್ಷನ್ ಬರ್ಲಿ, ನೋಡ್ಕಳಾನ" ಎಂದು ಯಾರ ಮೇಲೋ ಯುದ್ಧ ಸಾರಿದವರಂತೆ ಅಬ್ಬರಿಸಿದರು.

ಹೊಸ ವರ್ಷನ್ನು ಬಂತು. ಸಂಜೆಯೇ ಮಾವನ ಫೋನು.

"ಅಮ್ಮಿ, ಈ ಸತಿ ಬಂದಿರೋದು ಅಂತಿಂಥ ವರ್ಷನ್ನಲ್ಲ. ಅಕ್ಸರ ಎಲ್ಲಾ ದಪ್ಪ ಬಂದವೆ! ಲೋಕದಲ್ಲೆಲ್ಲಾ ಇಂಗೇ ಅಂತೆ. ನಿಮ್ಮತ್ತೆ ಕುಂತು ನೋಡುದ್ಲು. ಏನಂದ್ಲು ಗೊತ್ತಾ?"

"ಆಗ್ಬೋದು ಅಂದ್ರಾ?"

"ಊಂ!" ಎಂದರು. ಆ ಒಂದು ಅಕ್ಷರದಲ್ಲಿ ಎಂಥ ಖುಷಿ ಇತ್ತೆಂದರೆ, ನಾನೂ ಹುಚ್ಚಿಯ ಹಾಗೆ ನಕ್ಕುಬಿಟ್ಟೆ.

ಮಾವನ ಮೊದಲ ದಂಡಯಾತ್ರೆ ಕಿಕ್ಕೇರಿಗೆ. ಅಲ್ಲಿ ಅವರ ತಮ್ಮ, ನಮ್ಮ ಚಿಕ್ಕಮಾವ, ಮದುವೆಗಳಿಗೆ ಶಾಮಿಯಾನ ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾರೆ. ಮಾವನದ್ದು ಒಂದು ಪದ್ಧತಿ: ಹೊಸ ವರ್ಷನ್ ಎಂದರೆ ಹೊಸ ಮನೆ ಹೊಕ್ಕ ಹಾಗೆ, ಆದ್ದರಿಂದ ಹಾಲು ಉಕ್ಕಿಸಲೇಬೇಕು! ಕಂಪ್ಯೂಟರಿನ ತಲೆಗೆ ಮಾವಿನೆಲೆ ಸಿಕ್ಕಿಸಿ, ಒಳಗೆ ವರ್ಷನ್ ಇಳಿಯುತ್ತಿರುವಾಗ ಇಲ್ಲಿ ಹಾಲು ಉಕ್ಕಬೇಕು. ನಗುವವರು ನಗಲಿ, ನಮ್ಮಲ್ಲಿ ಟ್ರಾಕ್ಟರಿಗೆ ಪೂಜೆ ಮಾಡುತ್ತೇವೆ, ಬೋರ್‌ವೆಲ್ಲಿಗೆ ಕಾಯಿ ಒಡೆಯುತ್ತೇವೆ, ಕಂಪ್ಯೂಟರ್ ಏನು ಪಾಪ ಮಾಡಿದೆ? ಅವತ್ತು ಅಂಗಡಿಯಲ್ಲಿ ಗ್ಯಾಸ್ ಒಲೆ ಇರಲಿಲ್ಲ. ಮಾವ ಕರೆಂಟ್ ಒಲೆ ತರಿಸಿ, ಕಂಪ್ಯೂಟರ್ ಇದ್ದ ಬೋರ್ಡಿಗೇ ಅದನ್ನೂ ಸಿಕ್ಕಿಸಿ ಗುಂಡಿ ಒತ್ತಿದರು. ಟಪ್!

ಫ್ಯೂಸು ಹೋಯಿತು. ಅಂಗಡಿ ಕತ್ತಲಾಯಿತು. ವರ್ಷನ್ನು ಅರ್ಧದಲ್ಲಿ ಸಿಕ್ಕಿಕೊಂಡಿತು. ಒಂದೇ ಬೋರ್ಡಿಗೆ ಎಲ್ಲ ಸಿಕ್ಕಿಸಬೇಡಿರೋ ಎಂದು ಇಡೀ ತಾಲ್ಲೂಕಿಗೆ ಬುದ್ಧಿ ಹೇಳಿ ನಿವೃತ್ತರಾದ ಲೈನ್‌ಮನ್ ಮಾಡಿದ ಕೆಲಸ ಇದು! ಫ್ಯೂಸು ಕಟ್ಟಿ ಮತ್ತೆ ಹಾಕಿದರೆ ಪರದೆ ಕಪ್ಪಗೆ, ಮೂಲೆಯಲ್ಲಿ ಒಂದು ಬಿಳಿ ಗೀಟು ಮಿನುಗುತ್ತಿತ್ತು, ಅಷ್ಟೇ. ಚಿಕ್ಕಮಾವ ಸಾಧು ಪ್ರಾಣಿ. ಅಣ್ಣ ಕೇಳುವ ಮೊದಲೇ ತಮ್ಮ ಅನಿಸಿಕೆ ಒಪ್ಪಿಸಿದರು.

"ಚೆನ್ನಾಗದೆ ಅಣ್ಣಯ್ಯ. ತಂಪಾಗದೆ. ಕಣ್ಣಿಗ್ ವಸೀನೂ ನೋವಿಲ್ಲ."

"ಮುಚ್ಲಾ ಬಾಯ!" ಎಂದರಂತೆ ಮಾವ. ಆಮೇಲೆ ಪರದೆಯ ಕಡೆ ತಿರುಗಿ, "ನೀನೋ ನಾನೋ ನೋಡೇಬುಡಾನ. ಬಿರುಗಾಳಿಗೆ ಕಂಬ ಬಿದ್ದಾಗ್ಲೇ ಎದುರ್ಲಿಲ್ಲ, ನಿಂಗ್ ಎದುರ್ತೀನಾ?" ಎಂದು ಅಂಗಿ ತೋಳು ಮಡಚಿ ಕೂತರು. ಮಧ್ಯಾಹ್ನದ ಮುದ್ದೆ ಆರಿ ಕಲ್ಲಾಯಿತು. ಸಂಜೆಯ ಹೊತ್ತಿಗೆ ಪರದೆ ಬೆಳಗಿತು, ದಪ್ಪ ದಪ್ಪ ಅಕ್ಷರಗಳೊಡನೆ. ಹಾಲು ಮಾತ್ರ ಒಡೆದುಹೋಗಿತ್ತು. ಇದನ್ನೆಲ್ಲ ನನಗೆ ಹೇಳಿದ ಚಿಕ್ಕಮಾವ ಕೊನೆಗೆ ಮೆಲ್ಲಗೆ ಒಂದು ಮಾತು ಸೇರಿಸಿದರು: "ಅಕ್ಸರ ವಸಿ ಸಣ್ಣ ಮಾಡ್ಕಬೋದಾ ಅಂತ ಕೇಳ್ದೆ ಕಣಮ್ಮಿ. ಒಡೆಯಕ್ಕೇ ಬಂದ್ಬುಟ್ರು."

ಎರಡನೆಯದು ಗಂಜಾಂ. ಅಲ್ಲಿಯ ಪ್ರೆಸ್ ಭಾಯ್ ಮಾವನ ಹಳೆಯ ಸ್ನೇಹಿತರು. ಮಾವ ಕಂಬ ಹತ್ತುತ್ತಿದ್ದ ಕಾಲದಲ್ಲಿ ಏಣಿ ಹಿಡಿದವರು. ನಿಮಿಷಾಂಬೆಗೆ ಕೈಮುಗಿದು ಬರುವ ದಾರಿಯಲ್ಲಿ ನಾನೂ ಪ್ರೆಸ್ಸಿಗೆ ಹೋದೆ. ಮಾವ ಆಗಷ್ಟೇ ಕೆಲಸ ಮುಗಿಸಿ, ಭಾಯಿಯ ಮುಂದೆ ಕೈಕಟ್ಟಿ ನಿಂತಿದ್ದರು. ಪರದೆಯ ಮೇಲೆ ಒಂದು ಲಗ್ನಪತ್ರಿಕೆ. ಪರದೆಯ ತುಂಬ ವರನ ಹೆಸರೊಂದೇ!

"ಅರೇ ಅಣ್ಣ, ಇದ್ರಲ್ಲಿ ದುಲ್ಹಾ ಒಬ್ನೇ ಅವ್ನೆ. ದುಲ್ಹನ್ ಎಲ್ಲಿ?"

"ಕೆಳೀಕ್ ಬಾ, ಸಿಗ್ತಾಳೆ."

ಭಾಯಿ ಮೌಸ್ ಹಿಡಿದು ಕೆಳಗೆ ಕೆಳಗೆ ಹೋದರು. "ತೌಬಾ ತೌಬಾ! ಹೆಣ್ಣು ನೋಡೋಕೆ ಬಾವಿಗೆ ಇಳಿದ ಹಾಗಾಯ್ತಲ್ಲ! ಮುಹೂರ್ತ ಇನ್ನೆಷ್ಟು ಕೆಳಗಿದೆಯೋ, ಅಷ್ಟರಲ್ಲಿ ಮದುವೇನೇ ಮುಗಿದುಹೋಗುತ್ತೆ! ನನಗೆ ಹಳೇದೇ ಇರ್ಲಿ ಅಣ್ಣ, ಇದನ್ನ ತೆಗೀರಿ."

ಮಾವ ಭಾಯಿಯ ಹೆಗಲ ಮೇಲೆ ಕೈಹಾಕಿ ಹೊರಗೆ ಹೊಂಗೆಮರದ ಕೆಳಗೆ ಕರೆದುಕೊಂಡು ಹೋದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಒಳಗೆ ಬಂದ ಭಾಯಿ ಬೇರೆಯೇ ಮನುಷ್ಯರಾಗಿದ್ದರು. "ಇರ್ಲಿ, ಇರ್ಲಿ. ನಂಗೂ ಇದೇ ಬೇಕು. ಬಹುತ್ ಅಚ್ಛಾ ಇದೆ" ಎಂದು ಪರದೆಯನ್ನು ಹೆಗಲ ಮೇಲಿನ ವಲ್ಲಿಯಿಂದ ಒರೆಸಿದರು. ಅಲ್ಲಿ ಧೂಳೇ ಇರಲಿಲ್ಲ.

ಮೂರನೆಯ ಬಲಿ ನಾನು. ನಾಗಮಂಗಲದ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಯುದ್ಧಗಳ ಪಾಠ ಮಾಡುವವಳಿಗೆ ಜಗಳ ಬಾರದೆ ಇರುತ್ತದೆಯೇ? ಪರದೆ ನೋಡಿದ ಕೂಡಲೇ, "ಮಾವ, ಇದು ಕಂಪ್ಯೂಟರ್ ಅಲ್ಲ, ಬಸ್ಸಿನ ಬೋರ್ಡು. ನನಗೆ ಬೇಡ" ಎಂದೆ. ಮಾವ ಹುಬ್ಬು ಗಂಟಿಕ್ಕಿದರು.

"ಇದೇ ಕಣಮ್ಮಿ ಹೊಸಾ ವರ್ಷನ್ನು. ಇರಾದೇ ಇಂಗೆ. ಇಡೀ ಲೋಕ ಒಪ್ಕಂಡದೆ, ನೀನೊಬ್ಳು ಯಾವ್ ಊರ್ ರಾಣಿ? ನಾನ್ ಯೋಳೋವರ್ಗೂ ಅಕ್ಸರಕ್ಕೆ ಕೈ ಆಕ್ಬ್ಯಾಡ. ನನ್ನಾಣೆ."

ಆಣೆಯನ್ನೇ ಹಾಕಿದ ಮೇಲೆ ಏನು ಮಾಡುವುದು? ಮಾರನೆಯ ದಿನ ಮಕ್ಕಳಿಗೆ ಏನೋ ಬರೆಯಲು ಕೊಟ್ಟು, ನಾನು ತರಗತಿಯಲ್ಲೇ ಅವರಿಗೆ ಬೆನ್ನು ಮಾಡಿ ಲ್ಯಾಪ್‌ಟಾಪ್ ತೆರೆದು ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ, ಕಿಟಕಿಯ ಪಕ್ಕದ ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ಮೂರ್ನೇ ಪ್ರಶ್ನೆ ನೀವು ಪಾಠ ಮಾಡೇ ಇಲ್ಲ."

"ಯಾವ ಮೂರನೇ ಪ್ರಶ್ನೆ?"

"ಈಗ ಟೈಪ್ ಮಾಡ್ತಾ ಇದ್ದೀರಲ್ಲ ಮಿಸ್, ನಾಳೆ ಟೆಸ್ಟಿಗೆ!"

ತಿರುಗಿ ನೋಡಿದರೆ ಆ ಸಾಲಿನವರೆಲ್ಲ ಕತ್ತು ಚಾಚಿ ಪ್ರಶ್ನೆಪತ್ರಿಕೆ ಓದಿ ಮುಗಿಸಿದ್ದರು! ನನಗೆ ಬಂದ ಕೋಪ ಇಷ್ಟಿಷ್ಟಲ್ಲ. ಅದರ ಮೇಲೆ ತುಪ್ಪ ಸುರಿದದ್ದು ನಮ್ಮ ಕಾಲೇಜಿನ ಗ್ರಂಥಾಲಯದ ಸಹೋದ್ಯೋಗಿಯ ಕಂಪ್ಯೂಟರು. ಅದರಲ್ಲೂ ಇದೇ ಲಿನಕ್ಸ್, ಇದೇ ಹೊಸ ಆವೃತ್ತಿ, ಪರದೆಯ ಮೇಲೆ ಇದೇ ನೀಲಿ ಬೆಟ್ಟದ ಚಿತ್ರ. ಆದರೆ ಅಕ್ಷರಗಳು ಮಾಮೂಲಿ, ಸಣ್ಣಗೆ, ಮುದ್ದಾಗಿ! ಅಂದರೆ ದಪ್ಪಕ್ಷರ ವರ್ಷನ್ನಿನದಲ್ಲ, ಮಾವನದು! ಆಗಲೇ ಫೋನ್ ಮಾಡಿದೆ.

ಮಾವ ಕ್ಷಣವೂ ತಡವರಿಸಲಿಲ್ಲ. "ಅವ್ರು ಆತ್ರ ಬಿದ್ದು ಆಕ್ಕಂಡವ್ರೆ ಕಣಮ್ಮಿ. ಇನ್ನೂ ಬೆಂದಿಲ್ಲ. ಅಕ್ಕಿ ಆಕಿದ್ ತಕ್ಸಣ ಅನ್ನ ಅರಳ್ತದಾ? ನಾಲ್ಕ್ ದಿನ ಬುಟ್ಟು ನೋಡು, ದಪ್ಪ ಆಯ್ತವೆ."

ನಾಲ್ಕು ದಿನವಲ್ಲ, ಮದುವೆ ಸೀಸನ್ ಅರ್ಧ ಕಳೆದರೂ ಗ್ರಂಥಾಲಯದ ಅಕ್ಷರ ಅರಳಲಿಲ್ಲ. ನಾನು ಬೆಟ್ಟು ತೋರಿಸಿ ಜಗಳವಾಡುವುದು, ಮಾವ ಒಂದಕ್ಕೊಂದು ಸಂಬಂಧವಿಲ್ಲದ ಸುಳ್ಳು ಹೇಳುವುದು, ಹೀಗೇ ನಡೆಯಿತು. ನಡುವೆ ಒಂದೇ ಸಮಾಧಾನ. ಅತ್ತೆಯ ಕೈಯಿಂದ ಪತ್ರಿಕೆಗಳು ಒಂದಾದ ಮೇಲೊಂದು ಹೊರಗೆ ಬರುತ್ತಿದ್ದವು. ಒಬ್ಬ ದೊಡ್ಡಪ್ಪನೂ ಬಿಟ್ಟುಹೋಗಿರಲಿಲ್ಲ. ಕಂಪ್ಯೂಟರಿಗೆ ಬಟ್ಟೆ ಮುಚ್ಚುವ ಮಾತೂ ಮತ್ತೆ ಬಂದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನು ತೀರ್ಮಾನ ಮಾಡಿಬಿಟ್ಟೆ. ಲ್ಯಾಪ್‌ಟಾಪ್ ನನ್ನದು, ಕಣ್ಣು ನನ್ನದು, ಆಣೆ ಮಾತ್ರ ಅವರದು. ಇವತ್ತು ಅಕ್ಷರ ಸಣ್ಣದು ಮಾಡಿಯೇ ತೀರುತ್ತೇನೆ, ಮಾವ ಏನು ಮಾಡುತ್ತಾರೋ ಮಾಡಲಿ! ಪರದೆಯಲ್ಲಿ ಗಾತ್ರ ಬದಲಿಸುವ ಕಿಟಕಿಯನ್ನು ತೆರೆದು ಮೌಸಿನ ಮೇಲೆ ಕೈಯಿಟ್ಟಿದ್ದೆ, ಗೇಟು ಕಿರುಗುಟ್ಟಿತು. ಅತ್ತೆ! ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು, ಕೈಯಲ್ಲಿ ಒಂದು ಚೀಲ ಅವರೆಕಾಯಿ. ಹತ್ತಿರದ ಹಳ್ಳಿಯಲ್ಲಿ ಒಂದು ಹೆಣ್ಣಿಗೆ ಸೀಮಂತವಂತೆ, ಮುಗಿಸಿಕೊಂಡು ಬಂದೆ ಎಂದರು.

ಕಾಫಿ ಕುಡಿಯುತ್ತಾ ಅತ್ತೆ ಲ್ಯಾಪ್‌ಟಾಪಿನ ಕಡೆ ನೋಡಿದರು.

"ನಿಂದ್ರಲ್ಲೂ ದಪ್ಪ ಬಂದವಾ?"

"ಹೂಂ ಅತ್ತೆ, ಎಲ್ಲರಿಗೂ ಹೀಗೇ ಬಂದಿದೆ" ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ, ಬಾಯಿಗೆ ಬಂತು.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ನಾನು ತೆರೆದಿಟ್ಟಿದ್ದ ಕಿಟಕಿಯಲ್ಲಿ, ಬಹಳ ಸಲ ಮಾಡಿ ರೂಢಿಯಾದವರಂತೆ, ಅಕ್ಷರವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಹೋದರು. ಅಕ್ಷರ ಮಾಮೂಲಿ ಗಾತ್ರಕ್ಕೆ ಬಂದು ನಿಂತಿತು.

"ನೋಡು, ಇದು ನಿಜ್ವಾದ್ ವರ್ಷನ್ನು. ಇದ್ರಲ್ಲಿ ಏನ್ ಬರ್ದದೆ ಓದು."

ನಾನು ಓದಿದೆ. ಅತ್ತೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿ, ಹಿಂದೆ ಸರಿದು ನೋಡಿ, ತಲೆಯಾಡಿಸಿದರು. "ನಂಗೆ ಮಂಜು ಕವ್ಕೊಂಡಂಗೆ ಕಾಣ್ತದೆ" ಎಂದರು. ಎಷ್ಟು ಸಹಜವಾಗಿ ಎಂದರೆ, ಹೊರಗೆ ಬಿಸಿಲಿದೆ ಎನ್ನುವ ಹಾಗೆ.

ನಾನು ಅವರ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡೆ. ಅತ್ತೆ ಮಾತು ಮುಂದುವರಿಸಿದರು.

"ನಮ್ಮವ್ವಂಗೆ ಕಣ್ ಆಪರೇಸನ್ ಮಾಡ್ಸುದ್ ಮ್ಯಾಲೆ ಇದ್ದಿದ್ ವಸಿ ಬೆಳ್ಕೂ ಓಯ್ತು. ನಿಮ್ಮಾವಂಗೆ ಗೊತ್ತು, ಕಣ್ಣಿನ್ ಮಾತೆತ್ತುದ್ರೆ ನಾನ್ ಉರ್ಕಂಡ್ ಬೀಳ್ತೀನಿ ಅಂತ. ಅದುಕ್ಕೆ ಬಾಯ್ ಬುಟ್ಟು ಏನೂ ಯೋಳ್ಳಿಲ್ಲ. ವರ್ಷನ್ನೇ ಇಂಗೆ ಬಂದದೆ ಅಂದ್ರು. ನಾನು ಗಂಜಾಂಗ್ ಓದೆ, ಅಲ್ಲೂ ದಪ್ಪ. ಕಿಕ್ಕೇರಿಗ್ ಓದೆ, ಅಲ್ಲೂ ದಪ್ಪ. ಈಗ ನಿಮ್ಮನೇಲೂ ದಪ್ಪ. ನನ್ ಒಬ್ಳಿಗೇ ಕಣ್ ಮಂಜಾಗದೆ ಅಂತ ನಂಗ್ ಅನ್ಸಬಾರ್ದು ಅಂತ, ಊರೂರ್ಗೇ ದಪ್ಪ ಮಾಡ್ಬುಟ್ಟವ್ರೆ ಕಣಮ್ಮಿ, ಆ ಯಪ್ಪ!"

ಫ್ಯೂಸು ಹಾರಿಸಿಕೊಂಡು ಆರಿದ ಮುದ್ದೆ ತಿಂದದ್ದು, ಹೊಂಗೆಮರದ ಕೆಳಗಿನ ಮಾತು, ನನ್ನ ಮೇಲೆ ಹಾಕಿದ ಆಣೆ, ಬೇಯದ ಅನ್ನದ ಸುಳ್ಳು, ಎಲ್ಲ ಒಂದೇ ಸಲ ನನ್ನ ಕಣ್ಣ ಮುಂದೆ ಬಂದವು. ನನ್ನ ಕಣ್ಣೂ ಮಂಜಾಯಿತು.

"ಗೊತ್ತು ಅಂತ ಮಾವನಿಗೆ ಹೇಳಿಬಿಡಬಾರದಾ ಅತ್ತೆ?"

"ಬ್ಯಾಡ. ಗೊತ್ತು ಅಂದ್ರೆ ಅವ್ರು ಎದುರ್ಕತಾರೆ. ಈಗ ನೋಡು, ಪೆನ್‌ಡ್ರೈವ್ ಇಟ್ಕಂಡು ಸ್ಕೂಟ್ರಲ್ಲಿ ತಿರುಗ್ತಾವ್ರೆ, ಜಗಳ ಆಡ್ತಾವ್ರೆ, ಧೈರ್ಯವಾಗವ್ರೆ. ಈ ಸೀಸನ್ ಒಂದ್ ಮುಗೀಲಿ, ನಾನೇ ಕರ್ಕಂಡ್ ಓಯ್ತೀನಿ ಅವ್ರುನ್ನ ಕಣ್ಣಾಸ್ಪತ್ರೆಗೆ. ಆಗೋದ್ ಆಗ್ಲಿ, ನೋಡೇಬುಡಾನ. ಅಲ್ಲೀವರ್ಗೂ ವರ್ಷನ್ ಬತ್ತಾ ಇರ್ಲಿ."

ಹೀಗೆ ಹೇಳಿ ಅತ್ತೆ ಅಕ್ಷರವನ್ನು ಮತ್ತೆ ಒಂದೊಂದೇ ಮೆಟ್ಟಿಲು ಹತ್ತಿಸಿದರು. ಮಾವ ಇಟ್ಟಿದ್ದ ಮೆಟ್ಟಿಲಿಗೆ ಬಂದು ನಿಂತು, ಕಣ್ಣು ಕಿರಿದು ಮಾಡಿ ನೋಡಿದರು. ಇನ್ನೊಂದು ಮೆಟ್ಟಿಲು ಹತ್ತಿಸಿದರು. "ಈಗ ಸರ್ಯಾಯ್ತು. ಅವ್ರು ಒಂದ್ ಮೆಟ್ಲು ಕಮ್ಮಿ ಮಾಡವ್ರೆ, ಸಾಲ್ದು. ನಾನ್ ಯೋಳಾಂಗಿಲ್ಲ" ಎಂದು ಮೊದಲಿದ್ದ ಮೆಟ್ಟಿಲಿಗೇ ಇಳಿಸಿಟ್ಟು, ಅವರೆಕಾಯಿ ಚೀಲ ಹಿಡಿದು ಅಡುಗೆಮನೆಗೆ ಹೋದರು.

ನಾನು ಮಾವನಿಗೆ ಫೋನ್ ಮಾಡಿದೆ.

"ಮಾವ, ನನ್ನ ಪಸ್ಟ್ ಇಂಪ್ರೆಸನ್ ಬದಲಾಯ್ತು."

"ಈಗೇನ್ ತಗ್ದೆ ಹೊಸ್ದಾಗಿ?" ಮಾವನ ದನಿಯಲ್ಲಿ ಆಗಲೇ ಜಗಳ ತೋಳು ಮಡಚಿತ್ತು.

"ಅಕ್ಷರ ಸಾಲದು ಮಾವ. ಇನ್ನೊಂದು ಮೆಟ್ಟಿಲು ದಪ್ಪ ಬೇಕು."

ಆ ಕಡೆ ಬೀದಿಯಲ್ಲಿ ಟ್ರಾಕ್ಟರು ಹೋದದ್ದು ಕೇಳಿಸಿತು.

"ನಿಂಗಾ?"

"ನನಗೇ ಮಾವ. ಕಣ್ಣಿಗೆ ಹಿತವಾಗಿದೆ. ಅಭ್ಯಾಸ ಆಗಿಬಿಟ್ಟಿದೆ."

"ಅವ್ಳು ಅಲ್ಲಿಗ್ ಬಂದವ್ಳಾ?"

"ಬಂದಿದ್ದಾರೆ. ಅಡುಗೆಮನೇಲಿ ಅವರೆಕಾಯಿ ಬಿಡಿಸ್ತಾ ಇದ್ದಾರೆ."

ಮಾವ ಮೂಗೆಳೆದದ್ದು ಕೇಳಿಸಿತು. ನೆಗಡಿ ಇರಬಹುದು, ನಾನು ಕೇಳಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, ಯಾವತ್ತಿಗಿಂತ ಜೋರಾಗಿ ಅಬ್ಬರಿಸಿದರು.

"ನಾನ್ ಆವತ್ತೇ ಅಂದ್ಕಂಡೆ, ಈ ವರ್ಷನ್ನಲ್ಲಿ ಏನೋ ಒಂದ್ ಕಮ್ಮಿ ಅದೆ ಅಂತ! ನಾಳೀಕೆ ಇನ್ನೊಂದ್ ವರ್ಷನ್ ಬತ್ತಾ ಅದೆ. ಮೊದ್ಲು ಇಲ್ಲಿ ಆಕ್ಬುಟ್ಟು, ಆಮ್ಯಾಕೆ ನಿಮ್ಮನೆ, ಕಿಕ್ಕೇರಿ, ಗಂಜಾಂ. ಎಲ್ರಿಗೂ ಒಂದ್ ಮೆಟ್ಲು ಏರ್ಸ್‌ಬುಡ್ತೀನಿ. ಯಾವನ್ ಬ್ಯಾಡ ಅಂತಾನೋ ಅನ್ಲಿ, ನೋಡಾನ!"

"ಏನಂತೆ?" ಎಂದು ಅಡುಗೆಮನೆಯಿಂದ ಅತ್ತೆ ಕೇಳಿದರು.

"ನಾಳೆ ಇನ್ನೊಂದು ವರ್ಷನ್ ಬರುತ್ತಂತೆ ಅತ್ತೆ. ಅಕ್ಷರ ಇನ್ನೂ ಸ್ವಲ್ಪ ದಪ್ಪ ಅಂತೆ."

ಅತ್ತೆ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

"ಆಗ್ಬೋದು" ಎಂದರು.